ಹನ್ನೊಂದು ಬಾಟಲಿಗೆ ಬಡಿಸಿದ್ದು

ಎದುರಿಗೆ ಕೂತವರು ಏನೂ ತಿನ್ನದೆ ಸುಮ್ಮನೆ ಕೂತಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಇದೊಂದು ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಎಪ್ಪತ್ತೆರಡು ದಾಟಿತ್ತು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಕುಂದಾಪುರದ ಕಡೆಯಿಂದ ಮದರಾಸಿಗೆ ಬಂದು ಹೋಟೆಲು ಸೇರಿದವನು ನಾನು. ಮೊದಲು ಮೇಜು ಒರೆಸಿದೆ, ಆಮೇಲೆ ಬಡಿಸಿದೆ, ಕೊನೆಯ ಇಪ್ಪತ್ತು ವರ್ಷ ಬಡಿಸುವವರ ಹಿಂದೆ ನಿಂತು ಯಾರ ಎಲೆಯಲ್ಲಿ ಏನು ಖಾಲಿಯಾಗಿದೆ ಎಂದು ನೋಡಿದೆ. ಸೌಕಾರ್‌ಪೇಟೆಯಲ್ಲಿದ್ದ ಆ ಹೋಟೆಲಿಗೆ ಪ್ರತಿ ಸಂಜೆ ಒಬ್ಬರು ಸೇಟು ಬರುತ್ತಿದ್ದರು. ಬಟ್ಟೆ ಅಂಗಡಿಯವರು. ಒಂದು ಕಾಫಿ ಹೇಳಿ ಮುಕ್ಕಾಲು ಗಂಟೆ ಗೋಡೆ ನೋಡುತ್ತಾ ಕೂರುವರು. ನನಗೆ ತಡೆಯಲಾಗಲಿಲ್ಲ. ಒಂದು ದಿನ ಕೇಳದೆಯೇ ವಡೆ ತಂದಿಟ್ಟೆ, ಮರುದಿನ ಬೋಂಡ. ಮೂರನೆಯ ದಿನ ಅವರು ಕೈಮುಗಿದು, ಮನೆಯಲ್ಲಿ ಎಲ್ಲರೂ ತಿನ್ನು ತಿನ್ನು ಎಂದು ಪ್ರಾಣ ತಿನ್ನುತ್ತಾರೆ ಅಂತಲೇ ಇಲ್ಲಿಗೆ ಬರುವುದು, ಬಿಟ್ಟುಬಿಡಪ್ಪ ಎಂದರು. ನಾಲ್ಕನೆಯ ದಿನ ಎದುರಿನ ಹೋಟೆಲಿನಲ್ಲಿ ಗೋಡೆ ನೋಡುತ್ತಾ ಕೂತಿದ್ದರು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಬಂದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ, ಅಕ್ಕ ಈಗ ಪಕ್ಕದ ಕೋಣೆಯಲ್ಲಿ ಇರುತ್ತಿದ್ದಳು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಇಪ್ಪತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಒಂದು ಟ್ರಂಕು ಹಿಡಿದು ನನ್ನ ಬಾಡಿಗೆ ಕೋಣೆಗೆ ಬಂದಳು. ಆ ಕೋಣೆಯಿಂದ ಈಗಿನ ಅಣ್ಣಾ ನಗರದ ಎರಡನೆಯ ಮಹಡಿಯ ಮನೆಯವರೆಗೆ ನಲವತ್ತೇಳು ವರ್ಷ ಒಟ್ಟಿಗಿದ್ದೆವು. ನಾನು ಮದುವೆಯಾಗಲಿಲ್ಲ. ಕೇಳಿದವರಿಗೆ ಅಕ್ಕನನ್ನು ನೋಡಿಕೊಳ್ಳಬೇಕಲ್ಲ ಎನ್ನುತ್ತಿದ್ದೆ. ಸತ್ಯ ಏನೆಂದರೆ ಅಕ್ಕನೇ ನನ್ನನ್ನು ನೋಡಿಕೊಳ್ಳುತ್ತಿದ್ದಳು, ಮತ್ತು ಕೇಳಿದವರು ಬಹಳ ಮಂದಿ ಇರಲಿಲ್ಲ.

ಅಕ್ಕನ ಟ್ರಂಕಿನ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಸಾಮಾನು ಬಂದಿತ್ತು. ಅದು ಅವಳ ಮಡಿ. ಬಚ್ಚಲಿನ ಸೂರಿಗೆ ಒಂದು ಬಿದಿರ ಗಳು ಕಟ್ಟಿಸಿಕೊಂಡಳು. ಒಗೆದ ಸೀರೆಯನ್ನು ಕೋಲಿನಿಂದ ಅದರ ಮೇಲೆ ಏರಿಸಿ, ಬೆಳಿಗ್ಗೆ ಕೋಲಿನಿಂದಲೇ ಇಳಿಸಿ ಉಟ್ಟು ಅಡುಗೆಗೆ ನಿಂತರೆ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟುವ ಹಾಗಿಲ್ಲ. ನಾನು ಗೇಲಿ ಮಾಡುತ್ತಿದ್ದೆ. ನಮ್ಮ ಹೋಟೆಲಿನಲ್ಲಿ ದಿನಕ್ಕೆ ಸಾವಿರ ಜನ ಉಂಡೆದ್ದು ಹೋಗುತ್ತಾರೆ, ಅಲ್ಲಿ ಯಾರ ಮಡಿ ಇದೆ ಎನ್ನುತ್ತಿದ್ದೆ. ಅವಳು ಹೆಚ್ಚು ಮಾತಾಡುವವಳಲ್ಲ. ನಿಮ್ಮ ಹೋಟೆಲಿನ ಉಪ್ಪಿನಕಾಯಿ ಎಷ್ಟು ದಿನ ಬರುತ್ತದೆ ಎಂದು ಕೇಳುವಳು. ನಮ್ಮದು ಒಂದು ವಾರ ಬರುತ್ತಿತ್ತು, ಅದೂ ಫ್ರಿಜ್ಜಿನಲ್ಲಿ. ಅವಳ ಮಿಡಿ ಉಪ್ಪಿನಕಾಯಿ ಐದು ವರ್ಷ ಬರುತ್ತಿತ್ತು, ಬರೀ ಒಂದು ಬಟ್ಟೆಯ ಮುಚ್ಚಳದಲ್ಲಿ. ಒಂದು ಸಲ ನಾನು ತಮಾಷೆಗೆಂದು ಬೇಕಂತಲೇ ಅವಳನ್ನು ಮುಟ್ಟಿಬಿಟ್ಟೆ. ಮಾರ್ಗಳಿ ತಿಂಗಳ ಚಳಿ. ಅವಳು ಒಳಗೆ ಹೋಗಿ ತಣ್ಣೀರು ಸುರಿದುಕೊಂಡು ಬಂದು ಒಗ್ಗರಣೆ ಮುಂದುವರಿಸಿದಳು. ಮನೆ, ಗಂಡ, ಕುಂಕುಮ ಎಲ್ಲವನ್ನೂ ತೆಗೆದುಕೊಂಡು ಲೋಕ ಅವಳ ಕೈಯಲ್ಲಿ ಬಿಟ್ಟದ್ದು ಅದೊಂದನ್ನೇ ಎಂದು ನನಗಾಗ ಹೊಳೆಯಲಿಲ್ಲ.

ಮೇಲಿನ ಮಹಡಿಯಲ್ಲಿ ವಸಂತಾ ಮೇಡಂ ಇದ್ದಾರೆ. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುವವರು. ಅವರಿಗೊಂದು ಹುಚ್ಚು. ಕೀಟ ತಿನ್ನುವ ಗಿಡಗಳನ್ನು ಮನೆಯೊಳಗೆ ಬೆಳೆಸುವುದು, ಅದೂ ಕುಂಡದಲ್ಲಲ್ಲ, ಮುಚ್ಚಳ ಬಿಗಿದ ಗಾಜಿನ ಬಾಟಲಿಯಲ್ಲಿ. ಸಕ್ಕರೆ ಮತ್ತು ಒಂದಿಷ್ಟು ಲವಣ ಕರಗಿಸಿ, ನಾವು ಹೋಟೆಲಿನಲ್ಲಿ ಹಲ್ವಾಕ್ಕೆ ಹಾಕುತ್ತಿದ್ದ ಚೈನಾ ಗ್ರಾಸನ್ನೇ ಹಾಕಿ ಗಟ್ಟಿ ಮಾಡಿ, ಆ ಜೆಲ್ಲಿಯ ಮೇಲೆ ಎಲೆಯ ಒಂದು ಚೂರಿಟ್ಟರೆ ಅದರಿಂದ ಗಿಡ ಏಳುತ್ತದೆ. ಅಂಗಾಂಶ ಕೃಷಿ ಎಂದು ಅದರ ಹೆಸರು. ಷರತ್ತು ಒಂದೇ. ಒಳಗೆ ಒಂದು ಕ್ರಿಮಿಯೂ ಹೋಗಬಾರದು. ಗಿಡಕ್ಕೆ ರುಚಿಸುವ ಆ ಜೆಲ್ಲಿ ಬೂಷ್ಟಿಗೆ ಇನ್ನೂ ಹೆಚ್ಚು ರುಚಿಸುತ್ತದೆ. ಮೇಡಂ ನಲವತ್ತು ವರ್ಷ ಪಾಠ ಹೇಳಿದವರಾದರೂ ಅವರು ತುಂಬಿದ ಹತ್ತು ಬಾಟಲಿಗಳಲ್ಲಿ ಒಂಬತ್ತು ಬೂಷ್ಟು ಹಿಡಿಯುತ್ತಿದ್ದವು. ಕಾಲೇಜಿನಲ್ಲಿ ದೊಡ್ಡ ಯಂತ್ರವಿತ್ತು, ಮನೆಯಲ್ಲಿ ಇಲ್ಲವಲ್ಲ ಎನ್ನುತ್ತಿದ್ದರು.

ಒಂದು ದಿನ ಅವರು ನೀರಿನ ಲಾರಿ ಯಾವಾಗ ಬರುತ್ತದೆ ಎಂದು ಕೇಳಲು ಕೆಳಗೆ ಬಂದಾಗ ಅಕ್ಕ ಉಪ್ಪಿನಕಾಯಿ ತೆಗೆಯುತ್ತಿದ್ದಳು. ಕೈ ತೊಳೆದು ಒಣಗಲು ಬಿಟ್ಟಳು. ಫ್ಯಾನ್ ಆರಿಸಿದಳು. ಸೌಟನ್ನು ಒಲೆಯ ಉರಿಗೆ ಹಿಡಿದು ಆರಿಸಿದಳು. ಮೂಗು ಬಾಯಿಗೆ ಸೆರಗು ಅಡ್ಡ ಹಿಡಿದು, ಭರಣಿಯ ಬಾಯಿಯನ್ನು ಬೇಕಾದಷ್ಟೇ ತೆರೆದು, ಅದರ ಮೇಲೆ ಕೈ ಹಾಯದ ಹಾಗೆ ಪಕ್ಕದಿಂದ ತೆಗೆದು, ತಕ್ಷಣ ಕಟ್ಟಿದಳು. ಬಾಗಿಲಲ್ಲಿ ನಿಂತಿದ್ದ ಮೇಡಂ ನೀರಿನ ಲಾರಿಯನ್ನು ಮರೆತರು. "ಅಕ್ಕಾ, ಇದೆಲ್ಲಾಂ ಉಂಗಳುಕ್ಕು ಯಾರು ಸೊಲ್ಲಿಕ್ಕುಡುತ್ತಾ?" ಎಂದರು. ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ಟರು ಎಂದು. ಅಕ್ಕ ನನ್ನ ಮುಖ ನೋಡಿದಳು. ತಾನೇನೋ ತಪ್ಪು ಮಾಡಿ ಸಿಕ್ಕಿಬಿದ್ದೆ ಎಂದುಕೊಂಡಿದ್ದಳು. ನಾಲ್ಕನೆಯ ತರಗತಿಯಲ್ಲಿ ಶಾಲೆ ಬಿಟ್ಟ ಮೇಲೆ ಟೀಚರೊಬ್ಬರು ಅವಳನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಹಾಗೆ ಅಕ್ಕ ಮೇಡಂ ಹತ್ತಿರ ಬಾಟಲಿ ತುಂಬುವುದನ್ನು ಕಲಿಯಲು ಶುರುಮಾಡಿದಳು. ನಾನು ಪಲ್ಲಾವರಂನ ಶುಕ್ರವಾರದ ಸಂತೆಗೆ ಹೋಗಿ ಹಳೆಯ ಮೀನಿನ ತೊಟ್ಟಿಯೊಂದನ್ನು ಹೊತ್ತು ತಂದೆ. ಮಾರುವವನು ಯಾವ ಮೀನು ಬಿಡುತ್ತೀರಿ ತಾತಾ ಎಂದು ಕೇಳಿದ. ಮೀನಲ್ಲ, ಇದರೊಳಗೆ ನಮ್ಮಕ್ಕ ಕೈ ಇಡುತ್ತಾಳೆ ಎಂದೆ. ಅವನು ಮುಂದೆ ಏನೂ ಕೇಳದೆ ದಾರ ಕಟ್ಟಿಕೊಟ್ಟ. ತೊಟ್ಟಿಯನ್ನು ಅಡ್ಡ ಮಲಗಿಸಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಕೈ ತೂರಿಸಲು ಎರಡು ತೂತು ಮಾಡಿ, ಅದರೊಳಗೆ ಸ್ಪಿರಿಟ್ ಒರೆಸಿದರೆ ಗಾಳಿ ಅಲುಗಾಡದ ಪೆಟ್ಟಿಗೆಯಾಯಿತು. ಬಾಟಲಿಗಳನ್ನು ಬೇಯಿಸಲು ನಮ್ಮ ಕುಕ್ಕರೇ ಸಾಕು. ಇಲ್ಲಿ ಮಾತ್ರ ನನ್ನದೊಂದು ತಕರಾರಿತ್ತು. ಮೇಡಂ ಸೀಟಿ ಎಣಿಸುವ ಹಾಗಿಲ್ಲ, ಇಪ್ಪತ್ತು ನಿಮಿಷ ಗಡಿಯಾರ ನೋಡಿ ಎನ್ನುತ್ತಿದ್ದರು. ಜೀವಮಾನವಿಡೀ ಅಡುಗೆಮನೆಯ ಪಕ್ಕದಲ್ಲಿ ಕಳೆದವನಿಗೆ ಕುಕ್ಕರಿನ ವಿಷಯದಲ್ಲಿ ಪಾಠವೇ ಎಂದು ನನಗೆ ಸಿಟ್ಟು ಬಂತು. ಆದರೆ ನಮ್ಮ ಮನೆಯಲ್ಲಿ ಅಷ್ಟರೊಳಗೆ ನನ್ನ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಅಕ್ಕನಿಗೆ ನಲವತ್ತೇಳು ವರ್ಷದಲ್ಲಿ ತಮಿಳು ಬಂದದ್ದು ತರಕಾರಿಯ ಹೆಸರುಗಳ ಮಟ್ಟಿಗೆ. ಮೇಡಂಗೆ ಕನ್ನಡ ಅಷ್ಟೂ ಬಾರದು. ಮೊದಲ ದಿನ ದುಭಾಷಿಯಾಗಿ ನಾನು ನಡುವೆ ಕೂತೆ. ಮೇಡಂ ಸ್ಟೆರೈಲ್ ಎಂದರು. ನಾನು ಅದನ್ನು ಹೇಗೆ ಹೇಳುವುದೆಂದು ತಲೆ ಕೆರೆದುಕೊಳ್ಳುವಾಗಲೇ ಅಕ್ಕ, ಮಡಿ ಅಂತ ಹೇಳು ಅವರಿಗೆ ಎಂದಳು. ಆ ಒಂದು ಶಬ್ದ ಅವರಿಬ್ಬರ ನಡುವೆ ಹೊಂದಿಕೊಂಡ ಮೇಲೆ ನನ್ನ ಕೆಲಸ ಹೋಯಿತು. ಒಬ್ಬರು ತಮಿಳಿನಲ್ಲಿ, ಇನ್ನೊಬ್ಬಳು ಕುಂದಾಪುರದ ಕನ್ನಡದಲ್ಲಿ ಗಂಟೆಗಟ್ಟಲೆ ಮಾತಾಡಿಕೊಳ್ಳುವರು. ನಾನು ಸೋಫಾದ ಮೇಲೆ ಪೇಪರು ಹಿಡಿದು ಕೂರುವೆ. ಇನ್ನೂ ವಿಚಿತ್ರ ಏನೆಂದರೆ, ಇಡೀ ಮನೆಯನ್ನು ಆವರಿಸಿದ್ದ ಅಕ್ಕನ ಮಡಿ ಮೆಲ್ಲಗೆ ಆ ಗಾಜಿನ ಪೆಟ್ಟಿಗೆಯೊಳಗೆ ಹೋಗಿ ಸೇರಿತು. ಮೇಡಂ ಅಡುಗೆಮನೆಗೆ ಬಂದು ತಾವೇ ಕಾಫಿ ಬೆರೆಸಿಕೊಳ್ಳುವಷ್ಟಾಯಿತು. ಕೆಲಸ ಮುಗಿದ ಮೇಲೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ಬಾಟಲಿ ನೋಡುತ್ತಾ ನಿಲ್ಲುವರು. ಹಾಗೆ ಅಕ್ಕನ ಪಕ್ಕದಲ್ಲಿ ನಿಂತವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು ಎಂದು ಹೇಳಿಬಿಡುತ್ತೇನೆ, ತಪ್ಪೊಪ್ಪಿಗೆ ಬರೆಯಲು ಕೂತ ಮೇಲೆ ಅರ್ಧ ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡು ವರ್ಷದಲ್ಲಿ ಅಕ್ಕನ ಒಂದು ಬಾಟಲಿಯೂ ಕೆಡಲಿಲ್ಲ. ಅವಳು ಬೆಳೆಸುತ್ತಿದ್ದದ್ದು ಡ್ರೋಸೆರಾ ಎಂಬ ಪುಟ್ಟ ಗಿಡ. ನಾಲ್ಕಾಣೆಯಷ್ಟಗಲ. ಎಲೆಯ ತುಂಬ ಕೆಂಪು ಕೂದಲು, ಒಂದೊಂದು ಕೂದಲ ತುದಿಗೆ ಇಬ್ಬನಿಯಂಥ ಒಂದು ಅಂಟು ಹನಿ. ಹೊರಗೆ ಬೆಳೆದರೆ ಅದರ ಮೇಲೆ ಕೂತ ಸೊಳ್ಳೆ, ನೊಣ ಅಂಟಿಕೊಳ್ಳುತ್ತದೆ, ಎಲೆ ಮೆಲ್ಲಗೆ ಮಡಚಿಕೊಂಡು ಅದನ್ನು ಜೀರ್ಣಿಸುತ್ತದೆ. ಶುದ್ಧ ಸಸ್ಯಾಹಾರಿ ಮನೆಯಲ್ಲಿ ಇಂಥದ್ದೇ ಎಂದು ನಾನು ಕೇಳಿದ್ದೆ. ಅಕ್ಕ ಅದನ್ನೂ ಯೋಚಿಸಿದ್ದಳು. ಬಾಟಲಿಯೊಳಗೆ ಇರುವವರೆಗೆ ಅದು ತಿನ್ನುವುದು ಸಕ್ಕರೆ, ಹೊರಗೆ ಹೋದ ಮೇಲೆ ಅದರ ಕರ್ಮ ಅದಕ್ಕೆ ಎಂದಳು. ಆ ಸಲ ಹನ್ನೆರಡು ಬಾಟಲಿ ತುಂಬಿದಳು. ಒಂದನ್ನು ಗುರುದಕ್ಷಿಣೆ ಎಂದು ಮೇಡಂಗೆ ಕೊಟ್ಟಳು. ಹನ್ನೊಂದು ನಮ್ಮ ಹಾಲಿನ ಶೆಲ್ಫಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂದೇ ಸಾಲಿನಲ್ಲಿ ಕೂತವು.

ಸಾಲಿನಲ್ಲಿ ಕೂತವು ಎಂಬುದನ್ನು ದಯವಿಟ್ಟು ಗಮನಿಸಬೇಕು.

ನಮ್ಮ ತೀರಿಹೋದ ಅಣ್ಣನ ಮಗಳು ಸುಮನಾ ಕುಂದಾಪುರದಲ್ಲಿದ್ದಾಳೆ. ಅವಳ ಮಗನ ಉಪನಯನಕ್ಕೆಂದು ಅಕ್ಕ ಒಂದು ವಾರ ಹೊರಟಳು. ನನಗೆ ಮಂಡಿ ನೋವಿತ್ತು, ಉಳಿದೆ. ಹೊರಡುವಾಗ ಅಕ್ಕ, "ಬೆಳಿಗ್ಗೆ ಲೈಟ್ ಹಾಕ್, ಸಂಜೆ ಆರ್ಸ್. ಮತ್ತೆಂತದೂ ಮುಟ್ಟುಕಾಗ, ಮಾಣಿ" ಎಂದಳು. ಎಪ್ಪತ್ತೆರಡು ವರ್ಷದ ನಾನು ಅವಳಿಗೆ ಇನ್ನೂ ಮಾಣಿಯೇ. ಮೇಡಂ ಕೂಡ ಆ ವಾರ ಮಧುರೈಯಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ಮನೆ ನಿಶ್ಶಬ್ದವಾಯಿತು. ಮೊದಲ ದಿನ ನಾನು ಶೆಲ್ಫಿನ ಎದುರು ಕುರ್ಚಿ ಹಾಕಿ ಕೂತೆ. ಎರಡನೆಯ ದಿನ ಅವುಗಳಿಗೆ ಪೇಪರು ಓದಿ ಹೇಳಿದೆ. ಮೂರನೆಯ ದಿನ ಮಧ್ಯಾಹ್ನ ಮೊಸರನ್ನ ಕಲಸಿಕೊಂಡು ಅವುಗಳ ಎದುರೇ ಕೂತು ಉಣ್ಣುವಾಗ ಅರ್ಧಕ್ಕೇ ತಟ್ಟೆ ಕೆಳಗಿಟ್ಟೆ. ಹನ್ನೊಂದು ಜನ ಬಾಯಿ ತೆರೆದುಕೊಂಡು ಸಾಲಿನಲ್ಲಿ ಕೂತಿದ್ದಾರೆ, ನಾನೊಬ್ಬ ತಿನ್ನುತ್ತಿದ್ದೇನೆ. ಸಕ್ಕರೆ ಸಾಕು ಎಂದು ಮೇಡಂ ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೆ ಬರೀ ಸಕ್ಕರೆ ನೀರಿನಲ್ಲಿ ಯಾರಿಗಾದರೂ ಹೊಟ್ಟೆ ತುಂಬುತ್ತದೆ ಎಂದು ಒಬ್ಬ ಹೋಟೆಲಿನವನನ್ನು ನಂಬಿಸುವುದು ಕಷ್ಟ.

ಸೊಳ್ಳೆ ಬ್ಯಾಟ್ ಬಾಗಿಲ ಹಿಂದೆಯೇ ಇತ್ತು. ಅದರ ಕೆಳಗೆ ಬೇಕಾದಷ್ಟು ಸೊಳ್ಳೆ ಬಿದ್ದಿದ್ದವು. ಅವುಗಳನ್ನು ಕೊಂದದ್ದು ಕರೆಂಟು, ನಾನಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಸೋಪು ಹಾಕಿ ಕೈ ತೊಳೆದೆ, ಅದರ ಮಟ್ಟಿಗೆ ನನ್ನಲ್ಲಿ ಲೋಪವಿಲ್ಲ. ಒಂದು ಬಾಟಲಿಯ ಮುಚ್ಚಳ ತಿರುಗಿಸಿ, ಚಮಚದ ತುದಿಯಿಂದ ಒಂದು ಸೊಳ್ಳೆಯನ್ನು ಎಲೆಯ ಮೇಲೆ ಇಳಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಒಂದೇ ಬಾಟಲಿ ಹೋಗುತ್ತಿತ್ತು, ಅಕ್ಕ ಅದನ್ನು ಗ್ರಹಚಾರ ಎಂದುಕೊಳ್ಳುತ್ತಿದ್ದಳು. ಆದರೆ ಒಬ್ಬನಿಗೆ ಬಡಿಸಿ ಪಕ್ಕದವನನ್ನು ದಾಟಿ ಹೋಗುವುದು ನಮ್ಮಲ್ಲಿ ಪಂಕ್ತಿಭೇದ. ಮದುವೆ ಮನೆಯಾಗಲಿ ಹೋಟೆಲಾಗಲಿ, ಸಾಲು ಹಿಡಿದ ಮೇಲೆ ಕೊನೆಯ ಎಲೆಯವರೆಗೆ ಹೋಗಲೇಬೇಕು. ಈ ತಪ್ಪಿಗೆ ನಾನೇ ಇಬ್ಬರು ಹುಡುಗರನ್ನು ಕೆಲಸದಿಂದ ತೆಗೆದಿದ್ದೆ. ಹನ್ನೊಂದು ಬಾಟಲಿಗೂ ಒಂದೊಂದು ಸೊಳ್ಳೆ ಬಡಿಸಿದೆ. ಕೊನೆಯಲ್ಲಿ ಒಂದು ಸೊಳ್ಳೆ ಚಿಕ್ಕದಾಯಿತೆನಿಸಿ ಅದಕ್ಕೆ ಇನ್ನೊಂದು ಹಾಕಿದೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಎಲೆಗಳು ಸೊಳ್ಳೆಯ ಮೇಲೆ ಮೆಲ್ಲಗೆ ಬಾಗಿಕೊಂಡಿವೆ. ನನ್ನ ಕಣ್ಣು ತುಂಬಿ ಬಂತು. ಕೆಲಸ ಬಿಟ್ಟ ಮೇಲೆ ನಾನು ಬಡಿಸಿದ್ದನ್ನು ಯಾರೂ ಅಷ್ಟು ಪ್ರೀತಿಯಿಂದ ಉಂಡಿರಲಿಲ್ಲ.

ಅದರ ಮರುದಿನ ಒಂದು ಬಾಟಲಿಯಲ್ಲಿ ಬಿಳಿ ಹತ್ತಿಯ ಎಳೆಯೊಂದು ಕಂಡಿತು. ಅಕ್ಕ ಬರುವ ಹೊತ್ತಿಗೆ ಹನ್ನೊಂದರಲ್ಲೂ ಗಿಡವೇ ಕಾಣದಂತೆ ಬೂಷ್ಟು ತುಂಬಿ, ಮೇಲೆ ಹಸಿರು ಕಪ್ಪು ಪುಡಿ ಹತ್ತಿತ್ತು. ಸೊಳ್ಳೆಗಳು ಅದರೊಳಗೆ ಹೂತುಹೋಗಿ ಸಾಕ್ಷಿಯೂ ಉಳಿಯಲಿಲ್ಲ.

ಅಕ್ಕ ಕೈಯಲ್ಲಿದ್ದ ಚೀಲವನ್ನು ಕೆಳಗಿಡದೆ ಶೆಲ್ಫಿನ ಎದುರು ನಿಂತಳು. ಒಂದೊಂದೇ ಬಾಟಲಿ ನೋಡಿದಳು. ಆಮೇಲೆ ಚೀಲ ಇಟ್ಟು, ಎರಡು ಕೈಯನ್ನೂ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತುಂಬುವ ದಿನ ಎಲ್ಲಿ ತಪ್ಪಿದೆನೋ ಎಂದು ತನಗೆ ತಾನೇ ಹೇಳಿಕೊಂಡಳು. ಆಗ ಬಾಯಿ ಬಿಡಬೇಕಾಗಿತ್ತು. ಬಾಯಿ ಬಿಟ್ಟೆ ಕೂಡ. "ವಯಸ್ಸಾಯ್ತಲ್ಲ ಅಕ್ಕ, ಕೈ ನಡುಗತ್ತೆ" ಎಂದೆ.

ಸೊಳ್ಳೆ ಹಾಕಿದ್ದನ್ನು ದೇವರು ಕ್ಷಮಿಸಬಹುದು. ಅದರ ಹಿಂದೆ ಸ್ವಲ್ಪ ಕರುಣೆ ಇತ್ತು. ಈ ಮಾತಿನ ಹಿಂದೆ ಹೆದರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಅಕ್ಕ ಅದನ್ನು ತಕ್ಷಣ ನಂಬಿದಳು. ಹನ್ನೊಂದೂ ಒಟ್ಟಿಗೆ ಕೆಟ್ಟದ್ದರಿಂದ ಅವಳಿಗೆ ಸಂಶಯವೇ ಉಳಿಯಲಿಲ್ಲ, ತುಂಬಿದ ಕೈ ಒಂದೇ ಅಲ್ಲವೇ. ಮೇಡಂ ಊರಿಂದ ಬಂದು ಇದೆಲ್ಲ ಆಗುತ್ತದೆ ಅಕ್ಕಾ, ಮತ್ತೆ ಮಾಡೋಣ ಎಂದರೆ ಬರೀ ನಕ್ಕಳು. ಪೆಟ್ಟಿಗೆಗೆ ಬಟ್ಟೆ ಮುಚ್ಚಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ದಿನ ಉಪ್ಪಿನಕಾಯಿ ಭರಣಿಯನ್ನು ನನ್ನ ಕೈಗೆ ಕೊಟ್ಟು ನೀನೇ ತೆಗೆ ಎಂದಳು. ಆ ಭರಣಿಯನ್ನು ನಲವತ್ತೇಳು ವರ್ಷದಲ್ಲಿ ನಾನು ಮುಟ್ಟಿರಲಿಲ್ಲ. ತೆಗೆಯುವಾಗ ನನ್ನ ಕೈಯೇ ನಡುಗಿತು. ದೇವರ ದೀಪದ ಬತ್ತಿ ಹೊಸೆಯುವಾಗ ಸಮ ಬಂದಿದೆಯಾ ನೋಡು ಎಂದು ಕೇಳತೊಡಗಿದಳು. ಕೋಲು ಬಚ್ಚಲ ಮೂಲೆಯಲ್ಲಿ ನಿಂತಿತು, ಸೀರೆ ನನ್ನ ಪಂಚೆಯ ಜೊತೆ ಬಾಲ್ಕನಿಯ ಹಗ್ಗಕ್ಕೆ ಬಂತು. ಎರಡು ತಿಂಗಳಿಗೆ ಸುಮನಾ ಬಂದಾಗ, ನಾನು ಇಲ್ಲಿ ಇದ್ದು ಯಾವ ಕೆಲಸ ಆಗಬೇಕು ಎಂದು ಹೇಳಿ ಅವಳ ಜೊತೆ ಹೊರಟುಬಿಟ್ಟಳು. ಅದೇ ಟ್ರಂಕು. ನಾನು ಸ್ಟೇಷನ್ನಿಗೆ ಹೋಗಿ ಕೈಯಾಡಿಸಿ ಬಂದೆ.

ಆಮೇಲಿನ ಹತ್ತು ತಿಂಗಳು ನಾನು ಹೇಗಿದ್ದೆ ಎಂದು ವಿವರಿಸಿದರೆ ನಿಮಗೆ ಬೇಸರ ಬರುತ್ತದೆ, ನನಗೆ ಬಂದಿತ್ತು. ಒಬ್ಬನಿಗೆ ಸಾರು ಮಾಡುವುದು ನನಗೆ ಬರುವುದಿಲ್ಲ, ಕೈ ನೂರು ಜನರ ಅಳತೆಗೆ ಒಗ್ಗಿದೆ. ಮೂರು ದಿನ ಅದೇ ಸಾರು ಉಣ್ಣುವೆ. ತೊಳೆದಿಟ್ಟ ಹನ್ನೊಂದು ಖಾಲಿ ಬಾಟಲಿಗಳ ಎದುರು ನಿಂತು, ಅಕ್ಕನಿಗೆ ಹೇಗೆ ಹೇಳುವುದೆಂದು ತಾಲೀಮು ಮಾಡುವೆ. ಒಂದು ಸಲ ಜೋರಾಗಿಯೇ, ಅಕ್ಕ, ಒಂದು ವಿಷಯ ಎಂದು ಶುರು ಮಾಡಿದಾಗ ಮೀಟರ್ ಓದಲು ಬಂದವನು ಬಾಗಿಲಲ್ಲಿ ನಿಂತಿದ್ದ. ಭಾನುವಾರ ಫೋನು ಮಾಡುವೆ. ಅಕ್ಕ ಏನು ಉಂಡೆ ಎಂದು ಕೇಳುವಳು, ಸಾರು ಎನ್ನುವೆ. ನೀನೇನು ಮಾಡುತ್ತಿದ್ದೀ ಎಂದರೆ, ಎಂತ ಮಾಡುವುದು, ಕೂತಿದ್ದೇನೆ ಎನ್ನುವಳು. ಕೂತಿದ್ದೇನೆ ಎಂದು ಅಕ್ಕ ಹೇಳಿದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಕೊನೆಗೆ ನನ್ನನ್ನು ಹಿಡಿದುಹಾಕಿದ್ದು ಹನ್ನೆರಡನೆಯ ಬಾಟಲಿ. ಒಂದು ಬೆಳಿಗ್ಗೆ ಮೇಡಂ ಅದನ್ನು ಹಿಡಿದುಕೊಂಡು ಕೆಳಗೆ ಬಂದರು. ವರ್ಷವಾದರೂ ಒಳಗೆ ಗಿಡ ಗುಂಪುಗುಂಪಾಗಿ ಬೆಳೆದು, ಕೆಂಪಗೆ ಹನಿ ಹೊತ್ತು ನಿಂತಿತ್ತು. ಒಂದು ಚುಕ್ಕೆ ಬೂಷ್ಟಿಲ್ಲ. ಜೆಲ್ಲಿ ಒಣಗುತ್ತಾ ಬಂದಿದೆ, ಬೇಗ ಹೊಸ ಬಾಟಲಿಗಳಿಗೆ ಬಿಡಿಸಿ ಹಾಕದಿದ್ದರೆ ಇದೂ ಹೋಗುತ್ತದೆ, ನನ್ನ ಕೈಯ ಹಣೆಬರಹ ನಿಮಗೆ ಗೊತ್ತು, ಅಕ್ಕನನ್ನು ಒಮ್ಮೆ ಕರೆಸಿ ಎಂದರು. ಆಮೇಲೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ವಿಷಯ ನನಗೆ ಇವತ್ತಿಗೂ ಅರ್ಥವಾಗಿಲ್ಲ ಸಾರ್, ಅದೇ ದಿನ, ಅದೇ ಕೈ, ಅದೇ ಕುಕ್ಕರು, ನನ್ನದು ಹೀಗಿದೆ, ಇಲ್ಲಿದ್ದವು ಮಾತ್ರ ಹೇಗೆ ಕೆಟ್ಟವು ಎಂದರು. ಎರಡನೆಯ ಮಹಡಿಯ ಗಾಳಿ ಇರಬಹುದು ಎಂದೆ. ಮೇಡಂ ನಲವತ್ತು ವರ್ಷ ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿದವರು. ನನ್ನನ್ನೇ ನೋಡುತ್ತಾ ಕೂತರು. ಐದು ನಿಮಿಷದಲ್ಲಿ ನಾನು ಬ್ಯಾಟಿನಿಂದ ಹಿಡಿದು ಹೆಚ್ಚುವರಿ ಸೊಳ್ಳೆಯವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಇದನ್ನು ನನಗೆ ಹೇಳಿ ಏನು ಪ್ರಯೋಜನ ಎಂದು ಮೇಜಿನ ಮೇಲಿದ್ದ ಫೋನನ್ನು ನನ್ನ ಕಡೆ ಸರಿಸಿ, ಬಾಟಲಿ ಎತ್ತಿಕೊಂಡು ಮೇಲೆ ಹೋದರು. ಬಾಟಲಿಯನ್ನು ನನ್ನ ಹತ್ತಿರ ಬಿಟ್ಟು ಹೋಗಲಿಲ್ಲ ಎಂಬುದನ್ನು ನಾನು ಗಮನಿಸಿದೆ.

ತಾಲೀಮು ಮಾಡಿದ್ದೆಲ್ಲ ಮರೆತುಹೋಗಿತ್ತು. ಅಕ್ಕ ಫೋನು ಎತ್ತಿದ ಕೂಡಲೇ, "ಆ ಬಾಟ್ಲಿ ಹಾಳಾದ್ದು ನಿನ್ನ ಕೈಯಿಂದ ಅಲ್ಲ ಅಕ್ಕ. ನಾನು ಮುಚ್ಚಳ ತೆಗ್ದಿದ್ದೆ" ಎಂದೆ.

"ಎಂತಕೆ?"

"ಸೊಳ್ಳೆ ಹಾಕುಕೆ. ಹಸಿದ ಹಾಂಗೆ ಕಂಡ್ತ್."

ಆ ಕಡೆ ಸುಮನಾಳ ಮನೆಯ ಮಿಕ್ಸಿ ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಅಕ್ಕ ಕಾದಳು. "ಎಷ್ಟಕ್ಕೆ ಹಾಕ್ದೆ?"

"ಹನ್ನೊಂದಕ್ಕೂ."

"ಒಂದಕ್ಕೆ ಹಾಕಿ ಕಂಡಿದ್ರೆ ಸಾಕಾತಿರ್ಲಿಲ್ಯಾ?"

"ಪಂಕ್ತಿಭೇದ ಆತ್ತಲ್ಲ ಅಕ್ಕ."

ಅವಳು ನಗುತ್ತಾಳೆ ಎಂದುಕೊಂಡೆ. ಇಲ್ಲಿಯವರೆಗೆ ಕಥೆ ನಗುವ ಹಾಗೆಯೇ ಇತ್ತು. ಅಕ್ಕ ಬಹಳ ಮೆತ್ತಗೆ, "ವಯಸ್ಸಾಯ್ತ್, ಕೈ ನಡ್ಗತ್ತ್ ಅಂದವ ನೀನೇ ಅಲ್ದಾ, ಮಾಣಿ?" ಎಂದಳು. ನಾನೇ ಎಂದೆ. ಅವಳು ಫೋನು ಇಟ್ಟಳು.

ಮುಂದಿನ ಭಾನುವಾರ ಸುಮನಾ ಎತ್ತಿ, ಅತ್ತೆ ಕೆಲಸದಲ್ಲಿದ್ದಾರೆ ಚಿಕ್ಕಪ್ಪ ಎಂದಳು. ಅದರ ಮುಂದಿನ ಭಾನುವಾರವೂ ಕೆಲಸ. ಮೂರನೆಯ ಭಾನುವಾರ, ಯಾವ ಕೆಲಸ ಎಂದು ಕೇಳಿದರೆ ಅವಳಿಗೆ ಉತ್ತರ ಹೇಳಲು ಅಪ್ಪಣೆ ಇಲ್ಲದಂತಿತ್ತು. ನಾನು ಮಾತ್ರ ಆಸೆಯಿಂದಲೇ ಇದ್ದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಅಕ್ಕ ಹೋದದ್ದು ತನ್ನ ಕೈ ಕೆಟ್ಟಿತು ಎಂದು, ಕೈ ಕೆಟ್ಟಿಲ್ಲ ಎಂದು ಈಗ ಗೊತ್ತಾಗಿದೆ, ಆದ್ದರಿಂದ ಸಿಟ್ಟು ಇಳಿದ ಮೇಲೆ ಬರುತ್ತಾಳೆ. ಅವಳ ಕೋಣೆ ಗುಡಿಸಿದೆ. ಗಾಜಿನ ಪೆಟ್ಟಿಗೆ ಒರೆಸಿದೆ, ಹೊರಗಿನಿಂದ ಮಾತ್ರ.

ಮೊನ್ನೆ ಮೇಡಂ ಬಂದು ಎಲ್ಲ ಹೇಳಿದರು. ಅಕ್ಕ ಆ ಮೂ‌ರು ವಾರವೂ ದಿನಾ ಬೆಳಿಗ್ಗೆ ಅವರಿಗೆ ಫೋನು ಮಾಡುತ್ತಿದ್ದಳಂತೆ. ಸುಮನಾಳ ಮನೆಯ ಹಿಂದಿನ ಚಿಕ್ಕ ಕೋಣೆಯಲ್ಲಿ ಇಂಥದ್ದೇ ಇನ್ನೊಂದು ಗಾಜಿನ ಪೆಟ್ಟಿಗೆ ಸಿದ್ಧವಾಗಿದೆ. ಗಿಡವಿಲ್ಲದ ಹತ್ತು ಬಾಟಲಿ ಬರೀ ಜೆಲ್ಲಿ ತುಂಬಿ, ತೆರೆದು ಮುಚ್ಚಿ, ಪರೀಕ್ಷೆಗೆ ಇಟ್ಟಿದ್ದಳು. ಹತ್ತರಲ್ಲಿ ಹತ್ತೂ ನಿರ್ಮಲ. ಈಗ ಹನ್ನೆರಡನೆಯ ಬಾಟಲಿ ಅಲ್ಲಿಗೆ ಹೋಗಬೇಕು. ಹಾಗಾದರೆ ಅಕ್ಕ ಇಲ್ಲಿಗೆ ಬರುವುದಿಲ್ಲವೇ ಎಂದೆ. ಮೇಡಂ ತಂದಿದ್ದ ಚೀಲವನ್ನು ಮೇಜಿನ ಮೇಲಿಟ್ಟರು. ಅಲ್ಲಿನ ಕೋಣೆಗೆ ಬೀಗ ಇದೆಯಂತೆ ಸಾರ್ ಎಂದರು.

ನಾನು ನಿಜ ಹೇಳಿದ್ದರಿಂದ ಅಕ್ಕನ ಕೈ ಅವಳಿಗೆ ವಾಪಸು ಸಿಕ್ಕಿತು. ಅದನ್ನು ಇಲ್ಲಿ ಬಳಸಬಾರದು ಎಂದೂ ಅವಳಿಗೆ ಗೊತ್ತಾಯಿತು. ಹೇಳದೆ ಇದ್ದಿದ್ದರೆ ಒಂದಲ್ಲ ಒಂದು ದಿನ ಸುಮ್ಮನೆ ಕೂತು ಸಾಕಾಗಿ ನನ್ನ ಹತ್ತಿರ ಬರುತ್ತಿದ್ದಳೋ ಏನೋ. ಹಾಗೆ ಬಂದ ಅಕ್ಕನ ಜೊತೆ ನಾನು ಎಷ್ಟು ದಿನ ಮುಖ ಎತ್ತಿ ಉಣ್ಣುತ್ತಿದ್ದೆ ಎಂದೂ ಯೋಚಿಸಿದೆ.

ಬಾಟಲಿಯನ್ನು ಕೊರಿಯರಿನಲ್ಲಿ ಕಳಿಸುವುದು ಬೇಡ, ಮಾಣಿಯೇ ತರಲಿ, ಬಂದವನು ನಾಲ್ಕು ದಿನ ಇದ್ದು ಹೋಗಲಿ ಎಂದು ಅಕ್ಕನ ಅಪ್ಪಣೆಯಾಗಿದೆ. ಇದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಮೇಡಂ ಚೀಲದಿಂದ ಏನೇನು ತೆಗೆಯುತ್ತಿದ್ದಾರೆ ಎಂದು ನಾನು ನೋಡಲೇ ಇಲ್ಲ. ಅವರು ಬಾಟಲಿಯ ಮುಚ್ಚಳದ ಸುತ್ತ ರಬ್ಬರಿನಂಥ ಹಾಳೆ ಎಳೆದು ಸುತ್ತಿದರು. ಅದರ ಮೇಲೆ ಟೇಪು ಸುತ್ತಿದರು. ಟೇಪಿನ ತುದಿ ಅಂಟಿದ ಕಡೆ ಪೆನ್ನು ತೆಗೆದು, ಅರ್ಧ ಟೇಪಿನ ಮೇಲೆ ಅರ್ಧ ಗಾಜಿನ ಮೇಲೆ ಬರುವ ಹಾಗೆ ಸಹಿ ಹಾಕಿದರು. ತೆರೆದರೆ ಗೊತ್ತಾಗಬೇಕಲ್ಲ, ಅಕ್ಕ ಹೇಳಿದ್ದಾರೆ ಎಂದರು. ನನಗೆ ಅವಮಾನವಾಯಿತು. ಕೊರಿಯರಿನವನಿಗೂ ಇಷ್ಟು ಮಾಡುವುದಿಲ್ಲವಲ್ಲ ಮೇಡಂ ಎಂದೆ. ಅವರು ಪೆನ್ನಿನ ಕ್ಯಾಪು ಹಾಕುತ್ತಾ, "ಕೊರಿಯರ್‌ಕಾರನ್ ಪರಿಮಾರಮಾಟ್ಟಾನ್, ಸಾರ್" ಎಂದರು. ಕೊರಿಯರಿನವನು ಬಡಿಸುವುದಿಲ್ಲ ಎಂದು.

ನಾಳೆ ಸಂಜೆಯ ರೈಲು. ಮಂಗಳೂರಿನವರೆಗೆ ಹದಿನಾರು ಗಂಟೆ, ಅಲ್ಲಿಂದ ಬಸ್ಸು. ಅಷ್ಟು ಹೊತ್ತು ಆ ಬಾಟಲಿ ನನ್ನ ತೊಡೆಯ ಮೇಲಿರುತ್ತದೆ, ನಾವಿಬ್ಬರೇ ಮುಖಾಮುಖಿ. ಮೇಡಂ ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ನಾನು ಬಾಟಲಿ ಹಿಡಿದು ಹಿಂದೆಯೇ ಹೋಗಿ ಅವರನ್ನು ಕರೆದು, ಟೇಪು ಇನ್ನೂ ಎರಡು ಸುತ್ತು ಬರಲಿ ಎಂದೆ.